ಎಡಗಡೆ ಹೆಡ್‌ಲೈಟಿನೊಳಗೆ

ನವೆಂಬರ್ 10, ಸೋಮವಾರ, ಬೆಳಿಗ್ಗೆ

ನಿಶಾಳನ್ನು ಸ್ಕೂಲಿಗೆ ಕಳಿಸಿ ಕಾರು ಒರೆಸಿದೆ. ಎಡಗಡೆ ಹೆಡ್‌ಲೈಟ್ ಮಬ್ಬು. ಟವೆಲ್ಲಿನಿಂದ ತಿಕ್ಕಿದೆ, ತಿಕ್ಕಿದೆ — ಹೋಗಲೊಲ್ಲದು. ಆಮೇಲೆ ಗೊತ್ತಾಯಿತು ಪೆದ್ದಿಗೆ, ಮಬ್ಬು ಒಳಗಡೆ! ಸಣ್ಣ ಸಣ್ಣ ಹನಿ, ಬಿಸಿ ಅನ್ನ ತುಂಬಿದ ಡಬ್ಬಿಯ ಮುಚ್ಚಳದ ಹಾಗೆ. ಬಲಗಡೆಯದು ಫಳಫಳ.

ನಿನ್ನೆ ಸುರಿದ ಮಳೆಗೇ ಇರಬೇಕು. ನಮ್ಮ ಸಾಹೇಬರು ಭಾನುವಾರವೂ ಕಾರು ತೆಗೆದುಕೊಂಡು ಯೂನಿವರ್ಸಿಟಿ ಲ್ಯಾಬಿಗೆ ಹೋಗಿ, ತೊಪ್ಪೆಯಾಗಿ ಬಂದು, ಊಟವನ್ನೂ ಮಾಡದೆ ಮಲಗಿದರು. ಸ್ಯಾಂಪಲ್ ಹಾಳಾಯಿತಂತೆ. ಇವತ್ತು “ಕಾರು ನೀನೇ ಇಟ್ಕೊ ತಾರಾ” ಎಂದು ಬಸ್ಸಿಗೆ ಹೋದ. ಗಿರಿಧರನ ಔದಾರ್ಯ! ಮದುವೆಯಾದ ಮೇಲೆ ಇದೇ ಮೊದಲು.

ಅದೇ ದಿನ, ಸಂಜೆ

ನಿಶಾಳನ್ನು ಸ್ವಿಮ್ಮಿಂಗ್ ಕ್ಲಾಸಿಂದ ಕರೆತರುವಾಗ ಮತ್ತೆ ಮಳೆ. ಔಷಧಿ ಅಂಗಡಿಯ ತಿರುವಿನಲ್ಲಿ, ಎಡಗಡೆ ಚಕ್ರದ ಹತ್ತಿರ — ಡಬ್. ನಿಲ್ಲಿಸಿದೆ. ಕನ್ನಡಿಯಲ್ಲಿ ಬರೀ ಕತ್ತಲೆ. ಹಿಂದಿನ ಟ್ರಕ್ಕಿನವನು ಲೈಟು ಹೊಡೆದ. ಇಳಿದು ನೋಡಲಿಲ್ಲ. ಹೊರಟುಬಿಟ್ಟೆ.

“ಅಮ್ಮಾ, ವಾಟ್ ವಾಸ್ ದಟ್?”

“ಏನಿಲ್ಲ ಪುಟ್ಟಾ, ಗುಂಡಿ.”

ಜಪಾನಿನ ಈ ಸೆಂಡಾಯ್ ಊರಿನ ರಸ್ತೆಯಲ್ಲಿ ಗುಂಡಿ ಎಲ್ಲಿಂದ ಬರಬೇಕು? ಇಲ್ಲಿಯ ಲೈಸೆನ್ಸ್ ಸಿಕ್ಕಿ ತಿಂಗಳೂ ಆಗಿಲ್ಲ.

ನವೆಂಬರ್ 12, ಬುಧವಾರ

ಈಗ ಹೆಡ್‌ಲೈಟಿನ ತಳದಲ್ಲಿ ನೀರೇ ನಿಂತಿದೆ. ಮೊಬೈಲ್ ಟಾರ್ಚ್ ಹಾಕಿ ಬಗ್ಗಿ ನೋಡಿದೆ. ಕೆಳಗಿನ ಮೂಲೆಯಲ್ಲಿ ಸೀಳು. ಕೂದಲೆಳೆಯಷ್ಟು.

ಗಿರಿಗೆ ಲೈಟಿನದಷ್ಟೇ ಹೇಳಿದೆ. ಡಬ್ ಅಂದದ್ದು ಹೇಳಲಿಲ್ಲ.

“ನಾರ್ಮಲ್ ಕಣೇ. ಒಳಗೆ ಬಿಸಿ, ಹೊರಗೆ ಚಳಿ. ಕಂಡೆನ್ಸೇಷನ್. ಎಲ್ಲಾ ಕಾರಲ್ಲೂ ಆಗುತ್ತೆ.”

“ಸೀಳಿದೆ ಗಿರಿ.”

“ಕಲ್ಲು ಹಾರಿರುತ್ತೆ. ಗ್ಯಾರೇಜಿಗೆಲ್ಲ ತಗೊಂಡ್ಹೋಗ್ಬೇಡ. ನಾನೇ ನೋಡ್ಕೋತೀನಿ.”

ನೋಡಿಕೊಂಡದ್ದು ಹೀಗೆ: ಬಾನೆಟ್ ಎತ್ತಿ, ಬಲ್ಬು ಬಿಚ್ಚಿ, ಆ ತೂತಿಗೆ ನನ್ನ ಹೇರ್ ಡ್ರೈಯರ್ ಹಿಡಿದು ಊದಿದ. ಆಮೇಲೆ ನೋರಿ ಎಂಬ ಒಣ ಕಡಲಪಾಚಿಯ ಪ್ಯಾಕೆಟ್ಟುಗಳಿಂದ ಉಳಿಸಿಟ್ಟಿದ್ದ ಸಿಲಿಕಾ ಜೆಲ್ ಪುಡಿಕೆಗಳನ್ನು ಒಳಗೆ ತುರುಕಿದ. ಬೇರೆ ದಿನವಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ.

ನವೆಂಬರ್ 13, ಗುರುವಾರ

ಔಷಧಿ ಅಂಗಡಿಯ ತಿರುವಿನಲ್ಲಿ ಬಿಳಿ ಬೋರ್ಡು ನಿಲ್ಲಿಸಿದ್ದಾರೆ. ಕೆಂಪು ಅಕ್ಷರ. ನನಗೆ ಇವರ ಕಾಂಜಿ ಲಿಪಿ ಓದಲು ಬಾರದು. ಸಿಗ್ನಲ್ಲಿನಲ್ಲಿ ನಿಂತಾಗ ನಿಶಾಳನ್ನು ಕೇಳಿದೆ.

“ಪೊಲೀಸ್ ಬೋರ್ಡ್ ಅಮ್ಮಾ. ಬೈಸಿಕಲ್ ಮತ್ತು ವೈಟ್ ಕಾರ್... ಹಿಕಿನಿಗೆ. ಅಂದ್ರೆ ಹಿಟ್ ಆಂಡ್ ರನ್. ಯಾರಾದ್ರೂ ಸೀನ್ ಇಟ್, ಫೋನ್ ಮಾಡಿ ಅಂತ. ಅಮ್ಮಾ, ಅವರ್ ಕಾರ್ ಈಸ್ ಆಲ್ಸೋ ವೈಟ್!”

ಸಿಗ್ನಲ್ ಹಸಿರಾಯಿತು. ಕಾಲಿಗೆ ಆಕ್ಸಿಲರೇಟರೇ ಸಿಗಲಿಲ್ಲ.

ನವೆಂಬರ್ 14, ಶುಕ್ರವಾರ

ಕಸ ಹಾಕುವಲ್ಲಿ ಪಕ್ಕದ ಮನೆಯ ಚಿಬಾ-ಸಾನ್ ಸಿಕ್ಕರು. ಕಾರಿನ ಡಿಕ್ಕಿಗೆ ಸಿಕ್ಕವರು ಹೂವಿನ ಅಂಗಡಿಯ ಅಜ್ಜಿಯಂತೆ. ಸೈಕಲ್ಲಿನಲ್ಲಿ ಮನೆಗೆ ಹೋಗುತ್ತಿದ್ದರಂತೆ. ಆಸ್ಪತ್ರೆಯಲ್ಲಿದ್ದಾರೆ, ಇನ್ನೂ ಕಣ್ಣು ಬಿಟ್ಟಿಲ್ಲ. ಹಬ್ಬಕ್ಕೆ ಸೇವಂತಿಗೆ ಕೇಳಿದರೆ ಎರಡು ಹೆಚ್ಚಿಗೆ ಇಟ್ಟು ಕಟ್ಟುವ ಮುದುಕಿ. ದೇವರೇ. ದೇವರೇ, ಅವರು ಏಳಲಿ.

ನವೆಂಬರ್ 20, ಗುರುವಾರ

ಬರೆಯಲಾಗಲಿಲ್ಲ. ಸ್ವಿಮ್ಮಿಂಗ್ ಬಿಡಿಸಿದ್ದೇನೆ, ಶೀತವೆಂದು ಸುಳ್ಳು ಹೇಳಿ. ಸೈರನ್ ಕೇಳಿದರೆ ಕಿಟಕಿಯ ಪರದೆ ಎಳೆಯುತ್ತೇನೆ. ಕಾರನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸುತ್ತೇನೆ. ಸಿಲಿಕಾ ಜೆಲ್ ಎರಡು ದಿನ ಬಾಳಿತು. ಹನಿಗಳು ಮತ್ತೆ ಬಂದಿವೆ. ದಿನಾ ಬೆಳಿಗ್ಗೆ ಮೊದಲು ಅದನ್ನೇ ನೋಡುತ್ತೇನೆ.

ಗಿರಿಯೂ ಮಾತು ಬಿಟ್ಟಿದ್ದಾನೆ. ಅವನಿಗೆ ಗೊತ್ತಾಗಿರಬೇಕು. ನನ್ನನ್ನು ಉಳಿಸಲೆಂದೇ ಗ್ಯಾರೇಜ್ ಬೇಡವೆಂದನೋ ಏನೋ.

ನಾಳೆ ಆ ತಿರುವಿಗೆ ನಡೆದು ಹೋಗುತ್ತೇನೆ. ಅಲ್ಲಿಂದ ನೇರ ಕೋಬಾನ್‌ಗೆ, ಸ್ಟೇಷನ್ ಪಕ್ಕದ ಆ ಪೊಲೀಸ್ ಚೌಕಿಗೆ. ನಾನೇ ಮಾಡಿದ್ದರೆ ನಾನೇ ಹೇಳಬೇಕು. ವೀಸಾ ಹೋದರೆ ಹೋಗಲಿ. ನಿಶಾ... ನಿಶಾ ಏನಂದುಕೊಂಡಾಳು?

ನವೆಂಬರ್ 21, ಶುಕ್ರವಾರ, ಮಧ್ಯಾಹ್ನ

ನಾನಲ್ಲ! ನಾನಲ್ಲ, ನಾನಲ್ಲ!

ಬೋರ್ಡಿನ ಮುಂದೆ ನಿಂತಿದ್ದೆ. ಒಂದು ವ್ಯಾನ್ ತಿರುಗಿತು — ಡಬ್. ಹೌಹಾರಿ ನೋಡಿದೆ. ಚರಂಡಿಯ ಮೇಲಿನ ಕಬ್ಬಿಣದ ತಗಡು! ಸಡಿಲವಾಗಿದೆ. ಮತ್ತೊಂದು ಕಾರು, ಮತ್ತೆ ಡಬ್. ಅದೇ ಸದ್ದು. ರಸ್ತೆಯಲ್ಲೇ ನಕ್ಕೆ, ಅತ್ತೆ. ಒಬ್ಬ ಹುಡುಗಿ “ದೈಜೋಬು ದೆಸುಕಾ?” ಎಂದು ವಿಚಾರಿಸಿಕೊಂಡಳು.

ಬೋರ್ಡಿನಲ್ಲಿ ಅಂಕಿಗಳನ್ನಾದರೂ ಓದಬಲ್ಲೆನಲ್ಲ. ಹನ್ನೊಂದು, ಒಂಬತ್ತು. ನವೆಂಬರ್ 9. ನಾನು ಆ ದಾರಿಯಲ್ಲಿ ಬಂದದ್ದು ಮಾರನೆಯ ದಿನ. ಸೀಳು? ಕಲ್ಲೇ ಹಾರಿರಬೇಕು, ಗಿರಿ ಹೇಳಿದ್ದೇ ಸರಿ. ಪಾಪ, ಅವನ ಮೇಲೆ ಏನೇನೋ ಕಲ್ಪಿಸಿಕೊಂಡೆ. ಮೂಲೆಯ ಕೊಂಬಿನಿ ಅಂಗಡಿಯಲ್ಲಿ ನಿಶಾಗೆ ಮೆಲನ್ ಬನ್ ಕೊಂಡೆ, ನನಗೂ ಒಂದು. ರಾತ್ರಿಗೆ ಬಿಸಿಬೇಳೆಬಾತ್.

ನವೆಂಬರ್ 22, ಶನಿವಾರ

ಬೆಳಿಗ್ಗೆ ಪಾರ್ಸೆಲ್ ಬಂತು. ದೊಡ್ಡ ಡಬ್ಬ. ಒಳಗೆ ಸೆಕೆಂಡ್ ಹ್ಯಾಂಡ್ ಹೆಡ್‌ಲೈಟ್, ಎಡಗಡೆಯದು.

“ನಾರ್ಮಲ್ ಅಂದ್ರಲ್ಲ ಡಾಕ್ಟರ್ ಸಾಹೇಬ್ರು!” ಎಂದು ರೇಗಿಸಿದೆ. ಗಿರಿ ನಗಲಿಲ್ಲ. ಸ್ಕ್ರೂಡ್ರೈವರ್ ತೆಗೆದುಕೊಂಡು ಕೆಳಗಿಳಿದ. ನಿಶಾ ಸ್ಕ್ರೂ ಹಿಡಿದುಕೊಳ್ಳಲು ಓಡಿದಳು.

ಕೆಳಗಿಂದ ಕೂಗಿದ, “ತಾರಾ, ಒಂದು ಹಳೇ ಟವೆಲ್ ಕೊಡೇ.”

ಕಾರು ಒರೆಸುವ ಟವೆಲ್ ಬಾಲ್ಕನಿಯಲ್ಲಿತ್ತು. ಕೈಗೆ ತೆಗೆದುಕೊಂಡೆ. ಅಲ್ಲೇ ನಿಂತುಬಿಟ್ಟೆ.

ಸೋಮವಾರ ಬೆಳಿಗ್ಗೆ ಇದರಿಂದಲೇ ತಿಕ್ಕಿದ್ದು. ಬೆಳಿಗ್ಗೆ. ಆ ಹನಿಗಳು ಆಗಲೇ ಒಳಗಿದ್ದವು. ಭಾನುವಾರದ ಮಳೆ ಆಗಲೇ ಒಳಗೆ ಹೋಗಿತ್ತು. ಸೀಳೂ ಆಗಲೇ ಇತ್ತು.

ಭಾನುವಾರ. ಒಂಬತ್ತನೆಯ ತಾರೀಖು. ಕಾರಿನಲ್ಲಿ ಇದ್ದವನು...

ಲ್ಯಾಬಿಂದ ಪಾರ್ಕಿಂಗಿಗೆ ಪೂರ್ತಿ ಸೂರಿದೆ, ಇಲ್ಲಿ ಕಾರು ಮೆಟ್ಟಿಲ ಬುಡದಲ್ಲೇ ನಿಲ್ಲುತ್ತದೆ. ಕಾರಲ್ಲಿ ಬಂದವನು ತೊಪ್ಪೆಯಾದದ್ದು ಹೇಗೆ? ಇಳಿದಿದ್ದಾನೆ. ಇಳಿದು ನೋಡಿದ್ದಾನೆ. ನೋಡಿಯೂ ಬಂದಿದ್ದಾನೆ.

ನನ್ನ ಗಿರಿ. ಇರುವೆ ತುಳಿದರೆ ಅಯ್ಯೋ ಎನ್ನುವವನು. ಭಯವಾಗುತ್ತಿದೆ. ನಾನೇ ಮಾಡಿದ್ದೆ ಎಂದುಕೊಂಡಾಗಲೂ ಇಷ್ಟು ಭಯವಾಗಿರಲಿಲ್ಲ. ನನ್ನ ವಿಷಯಕ್ಕೆ ಕೋಬಾನ್‌ಗೆ ಹೊರಟೇಬಿಟ್ಟಿದ್ದೆನಲ್ಲ, ಈಗ ಯಾಕೆ ಕಾಲು ಬರುತ್ತಿಲ್ಲ?

ಬಗ್ಗಿ ನೋಡಿದೆ. ಹಳೆಯದು ಅರ್ಧ ಬಿಚ್ಚಿದ್ದಾನೆ. ಪಕ್ಕದಲ್ಲಿ ಕಸದ ಚೀಲ ಬಾಯಿ ತೆರೆದಿದೆ. ನಿಶಾ ಸ್ಕ್ರೂಗಳನ್ನು ಅಂಗೈಯಲ್ಲಿ ಹಿಡಿದು ಹಾಡಿಕೊಳ್ಳುತ್ತಿದ್ದಾಳೆ.

“ತಾರಾ! ಟವೆಲ್ ಎಲ್ಲಿ?”

ಇಳಿಯುತ್ತೇನೆ. ಮೊದಲು ನಿಶಾಳನ್ನು ಮೇಲೆ ಕಳಿಸಬೇಕು. ಆಮೇಲೆ ಆ ಹಳೆಯ ಲೈಟನ್ನು ಅವನ ಕೈಯಿಂದ ತೆಗೆದುಕೊಳ್ಳಬೇಕು. ಅದು ಕಸದ ಚೀಲಕ್ಕೆ ಹೋಗಬಾರದು.