ಅವ್ವನ ಹೆಸರಿನವಳು ಬಿರುಕಿನ ಅಂಚಿನಲ್ಲಿ

ಮೇ 19, ಮಂಗಳವಾರ

ಉತ್ತರದ ನಮ್ಮ ಹಿಮದೂರಿಗೆ ದಕ್ಷಿಣದಿಂದ ಬಂದ ಹೊಸ ಮೇಷ್ಟ್ರ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ಸಮುದ್ರದ ಮೇಲಿನ ಮಂಜುಗಡ್ಡೆ ಬಿರುಕು ಬಿಡುವ ಈ ತಿಂಗಳಲ್ಲೇ ಆತ ಮಕ್ಕಳಿಗೆ, "ಕಲುಪಾಲಿಕ್ ಅಂತ ಯಾರೂ ಇಲ್ಲ, ಹೆದರ್ಬೇಡಿ" ಅಂದನಂತೆ. ಮಂಜುಗಡ್ಡೆಯಡಿಯಿಂದ ಕೈಚಾಚಿ ಮಕ್ಕಳನ್ನು ಬೆನ್ನಚೀಲಕ್ಕೆ ತುರುಕಿಕೊಳ್ಳುವವಳು ಅವಳು. ಆ ಹೆಸರಿಗೆ ನಮ್ಮಲ್ಲಿರುವ ಅರ್ಥ ಒಂದೇ: ಇಲ್ಲಿಂದ ಮುಂದೆ ಹೋಗಬೇಡ. ಅದನ್ನೇ ಆತ ಅಳಿಸಿಹಾಕಿದ.

ಸಂಜೆ ನೋಡಿದರೆ ಆರು ವರ್ಷದ ನನ್ನ ಮಗಳು ಉವಿಲುಕ್ ಬಿರುಕಿನ ಅಂಚಿನಲ್ಲಿ ಮಂಡಿಯೂರಿ ನೀರಿಗೆ ಇಣುಕುತ್ತಿದ್ದಳು. ಓಡಿಹೋಗಿ ಎಳೆದುಕೊಂಡೆ.

"ಮೇಷ್ಟ್ರು ಹೇಳಿದ್ದು ನಿಜ ಕಣೇ. ಒಳಗೆ ಯಾರೂ ಇಲ್ಲ," ಅಂದಳು.

ಎರಡು ಬಿಗಿಯಲು ಕೈ ಎತ್ತಿದೆ. ಎತ್ತಿದ ಕೈ ಅಲ್ಲೇ ನಿಂತಿತು. ಅವಳಿಗಿಟ್ಟಿರುವುದು ತೀರಿಕೊಂಡ ನನ್ನ ಅವ್ವನ ಹೆಸರು. ನಮ್ಮಲ್ಲಿ ಹೆಸರಿನ ಜೊತೆ ಸತ್ತವರೂ ಮರಳುತ್ತಾರೆ; ಅವ್ವನೂ ಬಂದಳು. ಹುಟ್ಟಿದಂದಿನಿಂದ ಅವಳನ್ನು ಅವ್ವ ಎಂದೇ ಕರೆಯುತ್ತೇನೆ. ಹೆತ್ತವ್ವನಿಗೆ ಯಾರು ಹೊಡೆಯುತ್ತಾರೆ?

"ನಡಿ ಅವ್ವಾ, ಮನೆಗೆ ಹೋಗೋಣ," ಅಂದೆ.

ನಾಳೆ ಆ ಮೇಷ್ಟ್ರನ್ನೇ ಬಿರುಕಿನ ಹತ್ತಿರ ನಿಲ್ಲಿಸಿ ಕೇಳುತ್ತೇನೆ: ಕಲುಪಾಲಿಕ್ ಇಲ್ಲದಿದ್ದರೆ ನಮ್ಮ ಮಕ್ಕಳನ್ನು ಈ ಅಂಚಿನಲ್ಲಿ ತಡೆಯುವವರು ಯಾರು? ಅವ್ವನನ್ನು ಒಮ್ಮೆ ಮಣ್ಣು ಮಾಡಿ ಬಂದವಳು ನಾನು. ಇನ್ನೊಂದು ಸಲ ಅವಳನ್ನು ಕಳೆದುಕೊಳ್ಳಲಾರೆ.