ಪಕ್ಕೀರವ್ವನ ಮನೆಯ ಹೊರಗೋಡೆ

ಕುಕನೂರು
14-10-2024, ಸೋಮವಾರ

ಮಗನೇ ಯಂಕೇಶ,

ದೇವರು ನಿನ್ನನ್ನು ಕಾಯಲಿ. ಆನೆಗೊಂದಿಯಲ್ಲಿ ಅಕ್ಕನ ಮನೆಯಲ್ಲಿದ್ದೀಯೆಂದು ನಿನ್ನೆ ಅವಳೇ ಹೇಳಿದಳು. ಹೊಟ್ಟೆಗೆ ತಿನ್ನುತ್ತಿದ್ದೀಯಾ? ನಿದ್ದೆ ಬರುತ್ತದೆಯೇ? ನಿನ್ನ ಫೋನು ಬಂದ್ ಇರುವುದರಿಂದ ಈ ಕಾಗದವನ್ನು ಬಾಳೆಕಾಯಿ ಗಾಡಿಯ ಮಾಜೀದನ ಕೈಲಿ ಕಳಿಸುತ್ತಿದ್ದೇನೆ. ನಿನ್ನ ಹೆಂಡತಿ ರಂಜಿತಾ ಗಟ್ಟಿಯಾಗಿದ್ದಾಳೆ. ಕೇಳಿದವರಿಗೆಲ್ಲ ನಿನಗೆ ಗಂಗಾವತಿಯಲ್ಲಿ ಕೆಲಸ ಸಿಕ್ಕಿದೆ ಎನ್ನುತ್ತಾಳೆ. ಸುಳ್ಳು ಹೇಳಿ ರೂಢಿಯಿಲ್ಲದ ಹುಡುಗಿ, ಹೇಳುವಾಗ ಸೆರಗು ತಿರುವುತ್ತಾಳೆ.

ಪಕ್ಕೀರವ್ವನನ್ನು ಮಣ್ಣು ಮಾಡಿದ್ದಾಯಿತು. ಅವಳ ಮೇಲೆ ಗೋಡೆ ಬಿದ್ದ ದಿನವೇ ನೀನು ಊರು ಬಿಟ್ಟೆ, ಮುಂದಿನದನ್ನು ನೋಡಲಿಲ್ಲ. ಕಲ್ಲು ಸರಿಸಲು ಹತ್ತು ಮಂದಿ ಬೇಕಾಯಿತು. ಮುದುಕಿ ಗೋಡೆಗೆ ಒರಗಿ ಸಜ್ಜೆ ಹಸನು ಮಾಡುತ್ತಿದ್ದಳಂತೆ; ಮೊರ ಕೈಯಲ್ಲೇ ಇತ್ತು. ಪೊಲೀಸರು ಬಂದು, ಈ ಗೋಡೆಯ ಕೆಲಸ ಮಾಡಿದವರು ಯಾರೆಂದು ಕೇಳಿದರು. ಅವಳ ಮಗ ವೆಂಕೋಬ ಕೈಮುಗಿದು, “ನಮ್ಮ ಮುತ್ತ್ಯಾನ ಕಾಲದ ಗ್ವಾಡಿ ಸಾಹೇಬ್ರ. ಮಳಿ ಭಾಳ ಆತು, ಬಿತ್ತು. ಯಾರ ಮ್ಯಾಲೂ ಸಿಟ್ಟಿಲ್ರಿ” ಎಂದ. ನಾನು ಅಲ್ಲೇ ನಿಂತಿದ್ದೆ. ನಮ್ಮನ್ನು ಉಳಿಸಲು ಅವನು ಹಾಗೆ ಹೇಳಲಿಲ್ಲ ಯಂಕೇಶ. ನಿನ್ನ ಕೆಲಸದಿಂದ ಗೋಡೆ ಬಿತ್ತೆಂದು ಅವನಿಗೆ ಗೊತ್ತೇ ಇರಲಿಲ್ಲ.

ನಿನಗೆ ಈಗ ಗೊತ್ತಾಗಿರಬೇಕು. ಕಲ್ಲು ಮಣ್ಣಿನ ಗೋಡೆ ನೆಲದಿಂದ ಹಸಿ ಹೀರುತ್ತದೆ, ಬಿಸಿಲಿಗೆ ಬಿಡುತ್ತದೆ. ರಸ್ತೆ ಎತ್ತರಿಸಿದ ಮೇಲೆ ಮಳೆನೀರೆಲ್ಲ ಅವರ ಗೋಡೆಯ ಬುಡದಲ್ಲೇ ನಿಲ್ಲುತ್ತಿತ್ತು. ಮೊದಲು ಆ ನೀರಿಗೆ ದಾರಿ ಮಾಡಬೇಕಿತ್ತು. ನೀನು ಹಳೆಯ ಸುಣ್ಣದ ಗಿಲಾವು ಕೆತ್ತಿ, ನೀರು ತಡೆಯುವ ಔಷಧಿ ಬೆರೆಸಿದ ಸಿಮೆಂಟು ಬಳಿದೆ, ಮೇಲೆ ಬಣ್ಣ ಹೊಡೆದೆ. ಹೊರಗೆ ಕನ್ನಡಿಯ ಹಾಗೆ ಕಂಡಿತು. ಒಳಗೆ ಹಸಿ ಹೊರಬರಲಾಗದೆ ಮಣ್ಣು ಕೆಸರಾಯಿತು.

ಹಿತ್ತಲ ಗೋಡೆಗೂ ಅದನ್ನೇ ಬಳಿದಿದ್ದೀಯ. ವೆಂಕೋಬನ ಹೆಂಡತಿ ಮಕ್ಕಳು ಮಲಗುವುದು ಅದರ ಮಗ್ಗುಲಲ್ಲೇ. ಅದು ನೆನಪಾಗಿ, ಇಂದು ಬೆಳಿಗ್ಗೆ ಹೋಗಿ ಅವರನ್ನೆಲ್ಲ ನೆರೆಮನೆಯ ಪಕೀರಪ್ಪನ ಪಡಸಾಲೆಗೆ ಕಳಿಸಿದೆ. ಗೋಡೆಗೆ ತೊಲೆ ಆನಿಸಿ, ಬುಡದಿಂದ ಮೊಣಕಾಲೆತ್ತರ ಸಿಮೆಂಟು ಒಡೆಯಲು ಶುರು ಮಾಡಿದೆ. ಒಡೆದಲ್ಲೆಲ್ಲ ಕೆಂಪು ನೀರು ಜಿನುಗಿತು. ಅರ್ಧ ಗೋಡೆ ಇನ್ನೂ ಬಾಕಿ ಇದೆ. ಈ ವಯಸ್ಸಿನಲ್ಲಿ ನನ್ನೊಬ್ಬನಿಂದ ಆಗುವ ಕೆಲಸವಲ್ಲ.

ಅಕ್ಕನಿಗೂ ಅಳಿಯಂದಿರಿಗೂ ಕೇಳಿದೆನೆಂದು ಹೇಳು. ನಿನಗೆ ಒಳ್ಳೆಯ ಬುದ್ಧಿ, ಒಳ್ಳೆಯ ಆಯುಷ್ಯ ಸಿಗಲಿ.

ನಿನ್ನ ಅಪ್ಪ,
ಮುದುಕಪ್ಪ

ತಾ.ಕ.: ಮಾಜೀದ ಗಾಡಿ ಚಾಲೂ ಮಾಡಿದ್ದಾನೆ. ಮೇಲೆ ಬರೆಯಲು ಧೈರ್ಯವಾಗಲಿಲ್ಲ. ಗೋಡೆ ಬೀಳುವ ನಾಲ್ಕು ದಿನ ಮೊದಲು ಆ ಕಡೆ ಹೋದಾಗ ನಾನು ಅದನ್ನು ತಟ್ಟಿ ನೋಡಿದ್ದೆ. ಪೊಳ್ಳು ಸದ್ದು ಬಂತು, ಬುಡ ಉಬ್ಬಿತ್ತು. ನೋಡಿಯೂ ಸುಮ್ಮನೆ ಬಂದೆ. ಕೆಲಸದವರ ಮುಂದೆ ನೀನು, “ಅಪ್ಪಾ, ನಿನ್ನ ಕಾಲ ಮುಗದೈತಿ, ಸುಮ್ಕ ಕುಂದ್ರು” ಅಂದಿದ್ದೆಯಲ್ಲ, ಮಗ ತಾನಾಗಿ ಬಂದು ಕೇಳಲಿ ಎಂದು ಕಾಯುತ್ತಿದ್ದೆ. ಇವತ್ತು ವೆಂಕೋಬನಿಗೆ ಎಲ್ಲ ಹೇಳಿಬಿಟ್ಟೆ. ಅವನು ಬೈಯಲಿಲ್ಲ. ನನ್ನ ಕೈಯಿಂದ ಉಳಿ, ಸುತ್ತಿಗೆ ಇಸಿದುಕೊಂಡು ತಾನೇ ಗೋಡೆ ಒಡೆಯತೊಡಗಿದ. ಬುಧವಾರ ಠಾಣೆಗೆ ಹೋಗುತ್ತೇನೆ. ನೀನು ಬಂದರೆ ಇಬ್ಬರೂ ಹೋಗೋಣ. ಬಾರದಿದ್ದರೆ ನನ್ನದನ್ನಷ್ಟೇ ಹೇಳಿ ಬರುತ್ತೇನೆ; ನಿನ್ನದನ್ನು ನೀನೇ ಹೇಳಬೇಕು.