ನಲವತ್ತು ಮುಖ

೬-೫-೧೯೭೪, ಸೋಮವಾರ
ಆರಕ್ಕೇ ಸೈಕಲ್ ಹತ್ತಿದೆ. ಜವನಗೊಂಡನಹಳ್ಳಿ ಆಚೆಯ ಗೊಲ್ಲರಹಟ್ಟಿ. ಹಿರಿಯಾಕೆ ಮುದ್ದಕ್ಕನ ನಲವತ್ತು ಕುರಿಗೆ ಕರುಳುಬೇನೆ ಲಸಿಕೆ. ಸೂಜಿ ಹಾಕಿದ ಗುರುತಿಗೆ ಬೆನ್ನ ಮೇಲೆ ಕೆಂಪು ಬಣ್ಣ ಬಳಿಯುತ್ತ ಹೋದೆ. ನಾಲ್ಕನೆಯದಕ್ಕೇ ಮುದ್ದಕ್ಕ ಕಿರುಚಿದಳು.
"ಏನ್ರೀ ಡಾಕ್ಟ್ರೇ, ನನ್ ಕುರೀನ ಕಟುಕ್ರಿಗೆ ಮಾರಿದ್ರೇನ್ರೀ?"
ಡಾಕ್ಟರಲ್ಲ, ದನದ ಆಸ್ಪತ್ರೆಯ ಬರೀ ಸ್ಟಾಕ್‌ಮನ್ ನಾನು. ಯಾರು ಕೇಳುತ್ತಾರೆ!
ಇಲ್ಲಿ ವ್ಯಾಪಾರಿ ಕೊಂಡ ಕುರಿಗೆ ಬಣ್ಣ ಹಚ್ಚುತ್ತಾನಂತೆ. ಹಚ್ಚಿದ ಕುರಿ ಮತ್ತೆ ರೊಪ್ಪದ ಬೇಲಿಯೊಳಕ್ಕೆ ಬರುವುದಿಲ್ಲ. ತುಮಕೂರು ಪೇಟೆಯಲ್ಲಿ ಬೆಳೆದ ನನಗೆ ಇದೆಲ್ಲ ಏನು ಗೊತ್ತು?

೭-೫
ಇಡೀ ಹಟ್ಟಿಯಲ್ಲಿ ಯಾರೂ ಕುರಿ ಮುಟ್ಟಗೊಡಲಿಲ್ಲ. ಮಳೆ ಬಿದ್ದು ಎಳೆಹುಲ್ಲು ಮೇಯ್ದರೆ ಸಾಲಾಗಿ ಸಾಯುತ್ತವೆ. ಗೋಗರೆದೆ.
"ಬಣ್ಣ ಇಲ್ದೆ ಒಂದೊಂದೂ ಗುರ್ತು ಹಿಡೀರಿ. ಆಮ್ಯಾಕೆ ಸೂಜಿ," ಎಂದಳು ಮುದ್ದಕ್ಕ.
ಎಲ್ಲಕ್ಕೂ ಒಂದೇ ಮುಖ! ತಲೆ ಕೆಟ್ಟುಹೋಯಿತು.

೮-೫
ರೊಪ್ಪದ ಬಾಗಿಲಲ್ಲಿ ಕೂತೆ. ಗುರುತು ಹಿಡಿದದ್ದರಲ್ಲಿ ಮೂರೇ ಸರಿ. ಮುದ್ದಕ್ಕನಿಗೆ ಹೊಟ್ಟೆ ಹುಣ್ಣಾಗುವಷ್ಟು ನಗು. ಸಿಟ್ಟು ಬಂತು… ನುಂಗಿಕೊಂಡೆ.

೧೪-೫
ದಿನಾ ಬೆಳಿಗ್ಗೆ ಅಲ್ಲೇ. ಹದಿನೇಳು ಗೊತ್ತು ಈಗ. ಒಂದು ಸದಾ ಹಿಂದೆ ಉಳಿಯುತ್ತದೆ. ಯಾಕೆಂದು ಮುದ್ದಕ್ಕನನ್ನು ಕೇಳಿದೆ.
"ಮರಿ ಕಳಕಂಡೈತೆ. ಇನ್ನೂ ಹುಡುಕ್ತೈತೆ."
ಆಮೇಲೆ ನನ್ನನ್ನೇ ನೋಡಿದಳು. "ನಿಮ್ಗೆ ಎಡಗಿವಿ ಕೇಳಾಕಿಲ್ಲ ಅಲ್ಲೇನ್ರೀ? ಮೊದಲ್ನೇ ದಿನಾನೇ ಗೊತ್ತಾತು. ಅದ್ಕೇ ನಾ ಬಲಕ್ಕೇ ಕುಂತ್ಕಳದು."
ಆಫೀಸಿನಲ್ಲಿ ಮೂರು ವರ್ಷದಿಂದ ಪಕ್ಕದ ಮೇಜಿನವನಿಗೂ ತಿಳಿದಿಲ್ಲ. ಮುಚ್ಚಿಟ್ಟಿದ್ದೆ — ನಾಚಿಕೆ. ಈ ಮುದುಕಿಗೆ ಒಂದೇ ದಿನದಲ್ಲಿ! ದಾರಿಯುದ್ದಕ್ಕೂ ಕಣ್ಣಲ್ಲಿ ನೀರು. ಎಷ್ಟು ಹಗುರ.

೧೯-೫, ಭಾನುವಾರ, ಬೆಳಿಗ್ಗೆ ೯
ಮೋಡ. ರಜೆಯಾದರೂ ಬಂದೆ. ಹಟ್ಟಿಯೆಲ್ಲ ನೋಡಲು ನೆರೆದಿದೆ. ಒಂದೊಂದನ್ನೇ ಹೊರಗೆ ಬಿಟ್ಟರು. ಯಾವುದರ ಮಗಳು, ಯಾವುದು ಹಾಯುತ್ತದೆ, ಯಾವುದಕ್ಕೆ ಉಪ್ಪಿನಾಸೆ… ಎಲ್ಲ ಹೇಳಿದೆ. ಕೊನೆಯದು ತಿಳಿಯಲಿಲ್ಲ. ಬೆವರಿದೆ. ಮತ್ತೆ ಮತ್ತೆ ನೋಡಿದೆ.
"ಮುದ್ದಕ್ಕ, ಇದು ನಮ್ದಲ್ಲ."
ಬಾಯಿಂದ ಬಂದೇಬಿಟ್ಟಿತು.
ಪಕ್ಕದ ರೊಪ್ಪದ ಚಿತ್ತಪ್ಪನ ಕುರಿಯಂತೆ, ಬೇಕೆಂದೇ ಸೇರಿಸಿದ್ದಂತೆ. ಮುದ್ದಕ್ಕ ಜನರ ಕಡೆ ತಿರುಗಿ, "ಕೇಳಿದ್ರೇನ್ರೋ? ನಮ್ದು ಅಂತಾನೆ!" ಎಂದಳು. ಯಾರೂ ನಗಲಿಲ್ಲ. ಚಿತ್ತಪ್ಪ ಹೋಗಿ ತನ್ನ ಕುರಿಗಳನ್ನೂ ಹೊಡೆದುಕೊಂಡು ಬರುತ್ತಿದ್ದಾನೆ.
ಸೂಜಿ ಕುದಿಯುತ್ತಿದೆ, ಅಷ್ಟರಲ್ಲಿ ಇಷ್ಟು ಬರೆದೆ.
"ಅಂಜನಪ್ಪಾ, ಬಾರಪ್ಪಾ, ಹಿಡ್ಕಂಡಿವ್ನಿ!"
ಮುದ್ದಕ್ಕ ಕೂಗಿದಳು. ಡಾಕ್ಟ್ರೇ ಅನ್ನಲಿಲ್ಲ. ನನ್ನ ಹೆಸರು ಯಾವಾಗ ಕೇಳಿ ತಿಳಿದುಕೊಂಡಳೋ… ಬಂದೆ ಮುದ್ದಕ್ಕ, ಬಂ—